ಕಾದಂಬರಿಕಾರನ ಋಣ

1824ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ, ಲಂಡನ್ ನಗರದ ದಕ್ಷಿಣ ಭಾಗದಲ್ಲಿದ್ದ ಮಾರ್ಷಲ್‌ಸೀ ಎಂಬ ಸಾಲಗಾರರ ಸೆರೆಮನೆಯನ್ನು ಜಾನ್ ಡಿಕನ್ಸ್ ಎಂಬ ಗೃಹಸ್ಥನೊಬ್ಬನು ಪ್ರವೇಶಿಸಿದನು. ನೌಕಾಪಡೆಯ ಸಂಬಳ ಬಟವಾಡೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಆತನು ರೊಟ್ಟಿಯಂಗಡಿಯವನೊಬ್ಬನಿಗೆ ತೆರಬೇಕಾಗಿದ್ದ ಬಾಕಿ 40 ಪೌಂಡು 10 ಷಿಲಿಂಗು. ಮಾತಿನಲ್ಲಿ ರಾಜಠೀವಿ, ಕಿಸೆಯಲ್ಲಿ ಶೂನ್ಯ. ಆದರೂ ಹೆಂಡತಿ ಮಕ್ಕಳಲ್ಲಿ ಅಪಾರವಾದ ಮಮತೆಯುಳ್ಳವನು. ತನ್ನನ್ನು ನೋಡಲು ಬಂದ ಹನ್ನೆರಡು ವರ್ಷದ ಮಗನಿಗೆ ಆತನು ಅಳುತ್ತಳುತ್ತಲೇ ಒಂದು ಲೆಕ್ಕವನ್ನು ಹೇಳಿಕೊಟ್ಟನು: ವರ್ಷಕ್ಕೆ 20 ಪೌಂಡು ವರಮಾನವುಳ್ಳವನು ಅದರಲ್ಲಿ ಆರು ಪೆನ್ನಿಯನ್ನು ಉಳಿಸಿಕೊಂಡರೂ ಸುಖಿ, ಅದಕ್ಕೆ ಮೀರಿ ತುಸುವೇ ಖರ್ಚು ಮಾಡಿದರೂ ದುಃಖಿ ಎಂಬ ಲೆಕ್ಕ. ಸಾಲವೇ ಶೂಲವೆಂಬ ಪಾಠವನ್ನು ಶೂಲಕ್ಕೇರಿದವನೇ ಬೋಧಿಸಿದಂತಾಯಿತು. ಇಪ್ಪತ್ತೈದು ವರ್ಷಗಳ ತರುವಾಯ ಅದೇ ಮಗನು, ಅಷ್ಟು ಹೊತ್ತಿಗೆ ಇಂಗ್ಲೆಂಡಿನ ಮನೆಮಾತಾಗಿದ್ದ ಚಾರ್ಲ್ಸ್ ಡಿಕನ್ಸನು, ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಮಿಕಾಬರನೆಂಬ ಪಾತ್ರವನ್ನು ಸೃಷ್ಟಿಸಿ, ಆ ಲೆಕ್ಕವನ್ನು ಅವನ ಬಾಯಲ್ಲಿಟ್ಟನು.

ಮನುಷ್ಯನು ಹುಟ್ಟುತ್ತಲೇ ದೇವತೆಗಳಿಗೂ ಋಷಿಗಳಿಗೂ ಪಿತೃಗಳಿಗೂ ಋಣಿಯೆಂದು ನಮ್ಮ ಹಿರಿಯರು ಹೇಳಿದರಷ್ಟೆ. ಕಾದಂಬರಿಕಾರನಾದವನಿಗೆ ಇವುಗಳ ಜೊತೆಗೆ ನಾಲ್ಕನೆಯದೊಂದು ಋಣವುಂಟು. ತಾನು ಕಂಡ, ತನ್ನೊಡನೆ ಬಾಳಿದ ಜೀವಂತ ವ್ಯಕ್ತಿಗಳ ಋಣವದು. ಅವರ ನಡೆನುಡಿಗಳನ್ನು, ಗುಟ್ಟುಗಳನ್ನು, ಕೆಲವೊಮ್ಮೆ ಅವರ ಅಂಗವೈಕಲ್ಯವನ್ನೂ ಕೇಳದೆಯೇ ಎತ್ತಿಕೊಂಡು ಅವನು ತನ್ನ ಬಂಡವಾಳ ಮಾಡಿಕೊಳ್ಳುತ್ತಾನೆ. ಈ ಸಾಲಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಆದರೂ ಅದು ಸಾಲವೇ ಎಂಬುದಕ್ಕೆ ಡಿಕನ್ಸನ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನವು ನನಗೆ ತೋರದು.

ತಂದೆಯು ಸೆರೆಯಲ್ಲಿದ್ದಾಗ ಬಾಲಕನಿಗೆ ಶಾಲೆಯಿರಲಿಲ್ಲ. ಥೇಮ್ಸ್ ನದಿಯ ದಡದಲ್ಲಿ, ಇಲಿಗಳು ತುಂಬಿದ ಶಿಥಿಲವಾದ ಕಟ್ಟಡವೊಂದರಲ್ಲಿ ಬೂಟಿಗೆ ಹಚ್ಚುವ ಮಸಿಯ ಕಾರ್ಖಾನೆಯಿತ್ತು. ಮಸಿ ತುಂಬಿದ ಕುಡಿಕೆಗಳ ಬಾಯಿಗೆ ಮೊದಲು ಎಣ್ಣೆಕಾಗದವನ್ನೂ ಅದರ ಮೇಲೆ ನೀಲಿಯ ಕಾಗದವನ್ನೂ ಹೊದಿಸಿ, ದಾರದಿಂದ ಬಿಗಿದು, ಅಂಚನ್ನು ಸುತ್ತಲೂ ಒಪ್ಪವಾಗಿ ಕತ್ತರಿಸಿ, ಕೊನೆಗೆ ಅಚ್ಚಿನ ಚೀಟಿಯನ್ನು ಅಂಟಿಸುವುದು ಅವನ ಕೆಲಸ. ವಾರಕ್ಕೆ ಆರೇಳು ಷಿಲಿಂಗು ಕೂಲಿ. ಈ ಅವಮಾನವನ್ನು ಅವನು ಕೀರ್ತಿಶಿಖರವನ್ನೇರಿದ ಮೇಲೂ ಯಾರೊಡನೆಯೂ ಆಡಿರಲಿಲ್ಲ. ಆ ಕಾರ್ಖಾನೆಯಲ್ಲಿ ಬಾಲಕನನ್ನು ಕಂಡು ಅವನ ಕೈಗೆ ಅರ್ಧ ಕ್ರೌನ್ ಕೊಟ್ಟಿದ್ದ ಹಿರಿಯರೊಬ್ಬರು, ಎಷ್ಟೋ ವರ್ಷಗಳ ಅನಂತರ ಡಿಕನ್ಸನ ಆಪ್ತಮಿತ್ರನಾದ ಜಾನ್ ಫಾರ್ಸ್ಟರನಿಗೆ ಅದನ್ನು ತಿಳಿಸಲಾಗಿ, ಫಾರ್ಸ್ಟರನು ಕೇಳಿದ ಮೇಲೆಯೇ ಕಟ್ಟೆಯೊಡೆದದ್ದು. ಡಿಕನ್ಸನು ಆತ್ಮಕಥೆಯ ಕೆಲವು ಪುಟಗಳನ್ನು ಬರೆದು ಮಿತ್ರನ ಕೈಗಿತ್ತನು. ತನ್ನ ಹೆಸರಿನಲ್ಲಿ ಲೋಕಕ್ಕೆ ಹೇಳಲಾರದುದನ್ನು ಡೇವಿಡನ ಹೆಸರಿನಲ್ಲಿ ಹೇಳಿದನು. 1870ರಲ್ಲಿ ಆತನು ತೀರಿಕೊಂಡ ಬಳಿಕ ಫಾರ್ಸ್ಟರನು ಬರೆದ ಜೀವನಚರಿತ್ರೆಯಿಂದಲೇ ಓದುಗರಿಗೆ ನಿಜಸ್ಥಿತಿಯು ತಿಳಿದುಬಂದಿತು.

ತಂದೆಯ ಋಣವನ್ನು ಮಗನು ಎರಡು ವಿಧದಲ್ಲಿ ತೀರಿಸಿದನು. ಹಣದ ಸಾಲಗಳನ್ನು ಹಣದಿಂದ ಮತ್ತೆಮತ್ತೆ ತೀರಿಸಿ ಬೇಸತ್ತು, 1839ರಲ್ಲಿ ತಂದೆತಾಯಿಗಳನ್ನು ಲಂಡನ್ನಿನಿಂದ ದೂರದ ಡೆವನ್ ಪ್ರಾಂತದ ಹಳ್ಳಿಯೊಂದರಲ್ಲಿ ನೆಲೆಗೊಳಿಸಿದನು. ಇನ್ನೊಂದನ್ನು ತೀರಿಸಿದ್ದು ಲೇಖನಿಯಿಂದ. ಎಂದಾದರೂ ಒಳ್ಳೆಯ ಕಾಲ ಬಂದೇ ಬರುವುದೆಂದು ಕಾದು ಕುಳಿತ ಮಿಕಾಬರನು ನಮ್ಮನ್ನು ನಗಿಸುತ್ತಾನೆ, ನಿಜ; ಆದರೆ ಕಾದಂಬರಿಯ ಅಂತ್ಯದಲ್ಲಿ ಅವನು ಆಸ್ಟ್ರೇಲಿಯಕ್ಕೆ ಹೋಗಿ, ಸಾಲದಿಂದ ಮುಕ್ತನಾಗಿ, ನ್ಯಾಯಾಧಿಕಾರಿಯೇ ಆಗಿಬಿಡುತ್ತಾನೆ. ಬಾಳಿನಲ್ಲಿ ತಂದೆಗೆ ಎಂದೂ ದೊರೆಯದ ಬಿಡುಗಡೆಯನ್ನು ಮಗನು ಕಥೆಯಲ್ಲಿ ದೊರಕಿಸಿಕೊಟ್ಟನು. ಆ ಕಾದಂಬರಿಯು ಮುಗಿದುದು 1850ರ ನವೆಂಬರಿನಲ್ಲಿ. ಜಾನ್ ಡಿಕನ್ಸನು ಕಾಲವಾದುದು 1851ರ ಮಾರ್ಚ್ 31ರಂದು. ತಂದೆಯಿಲ್ಲವಾದ ಮೇಲೆ ಬರೆದ ‘ಲಿಟ್ಲ್ ಡಾರಿಟ್’ನಲ್ಲಿ ಅದೇ ಮಾರ್ಷಲ್‌ಸೀ ಮರಳಿ ಬರುತ್ತದೆ, ಸೆರೆಮನೆಯಲ್ಲಿಯೇ ಮುದುಕನಾಗಿ, ಸೆರೆಯಾಳುಗಳ ಮರ್ಯಾದೆಯನ್ನೇ ರಾಜಮರ್ಯಾದೆಯೆಂದು ಭ್ರಮಿಸಿದ ವಿಲಿಯಂ ಡಾರಿಟ್ಟನಲ್ಲಿ ನಗೆಯು ಆರಿ ವ್ಯಥೆಯು ಉಳಿದಿದೆ. ತಂದೆಯು ಜೀವಿಸಿದ್ದಾಗ ಹೇಳಲು ಮನಸ್ಸು ಬಾರದಿದ್ದ ಅರ್ಧ ಸತ್ಯವನ್ನು ಮಗನು ಅನಂತರ ಹೇಳಿದನೆಂದು ನಾನು ತಿಳಿಯುತ್ತೇನೆ.

ಪ್ರಿಯತಮೆಯ ವಿಷಯದಲ್ಲಿಯೂ ಹೀಗೆಯೇ ಒಬ್ಬ ವ್ಯಕ್ತಿಯಿಂದ ಎರಡು ಪಾತ್ರಗಳು ಹುಟ್ಟಿದವು. ತರುಣನಾಗಿದ್ದಾಗ ಡಿಕನ್ಸನು ಒಲಿದು ಪಡೆಯಲಾರದೆ ಹೋದ ಮರಿಯಾ ಬೀಡ್ನೆಲ್, ಡೇವಿಡನ ಮುಗ್ಧ ಪತ್ನಿ ಡೋರಾ ಆದಳು. 1855ರಲ್ಲಿ, ಪರಪತ್ನಿಯಾಗಿ ನಡುವಯಸ್ಸಿಗೆ ಬಂದಿದ್ದ ಆಕೆಯನ್ನು ಅವನು ಮತ್ತೆ ಕಂಡನು; ಸ್ವಪ್ನವು ಒಡೆಯಿತು; ಬಿಡುವಿಲ್ಲದೆ ಹರಟುವ ಫ್ಲೋರಾ ಫಿಂಚಿಂಗ್ ‘ಲಿಟ್ಲ್ ಡಾರಿಟ್’ನೊಳಕ್ಕೆ ಬಂದಳು. ಫ್ಲೋರಾಳಿಗೆ ಅವನು ಒಳ್ಳೆಯ ಹೃದಯವನ್ನು ಕೊಟ್ಟನೆಂಬುದೊಂದೇ ನಮಗೆ ಸಮಾಧಾನ.

ಸಮಾಧಾನಕ್ಕೆ ಎಡೆಯಿಲ್ಲದ ಸಂಗತಿಯು ಲೀ ಹಂಟನದು. ಕವಿಯೂ ಪತ್ರಿಕೋದ್ಯಮಿಯೂ ಆದ ಹಂಟನು ರಾಜಪ್ರತಿನಿಧಿಯನ್ನು ಟೀಕಿಸಿದ ತಪ್ಪಿಗೆ ಎರಡು ವರ್ಷ ಸೆರೆವಾಸವನ್ನು ಅನುಭವಿಸಿದ ಧೀರನು. ಮನೆತುಂಬ ಮಕ್ಕಳು, ಮುಗಿಯದ ಬಡತನ. ಅವನ ಸಹಾಯಾರ್ಥವಾಗಿ 1847ರಲ್ಲಿ ಡಿಕನ್ಸನೇ ಗೆಳೆಯರನ್ನು ಕೂಡಿಸಿಕೊಂಡು ನಾಟಕವಾಡಿ ಹಣವೆತ್ತಿದ್ದನು. ಅಂತಹ ಮಿತ್ರನ ಹಗುರವಾದ ಮಾತಿನ ಸೊಗಸನ್ನು, ಹಣಕಾಸಿನಲ್ಲಿ ತಾನು ಬರಿಯ ಮಗುವೆಂಬ ಅವನ ಧೋರಣೆಯನ್ನು, 1852-53ರಲ್ಲಿ ಪ್ರಕಟವಾದ ‘ಬ್ಲೀಕ್ ಹೌಸ್’ನಲ್ಲಿ ಅವನು ಹೆರಾಲ್ಡ್ ಸ್ಕಿಂಪೋಲನಿಗೆ ತೊಡಿಸಿದನು. ಇಷ್ಟೇ ಆಗಿದ್ದರೆ ಸಲಿಗೆಯ ವಿನೋದವೆನ್ನಬಹುದಾಗಿತ್ತು. ಆದರೆ ಸ್ಕಿಂಪೋಲನು ಕಂಡವರ ಹಣದಲ್ಲಿ ಬದುಕುವವನು, ಜ್ವರದಿಂದ ನರಳುವ ಅನಾಥ ಬಾಲಕನೊಬ್ಬನನ್ನು ಲಂಚಕ್ಕಾಗಿ ಹಿಡಿದುಕೊಡುವವನು. ಕರಡಚ್ಚನ್ನು ಓದಿದ ಮಿತ್ರರು ಎಚ್ಚರಿಸಲಾಗಿ ಡಿಕನ್ಸನು ಲಿಯೊನಾರ್ಡ್ ಎಂದಿದ್ದ ಪಾತ್ರದ ಹೆಸರನ್ನು ಹೆರಾಲ್ಡ್ ಎಂದು ತಿದ್ದಿದನು, ಅಲ್ಲಲ್ಲಿ ಮಾತುಗಳನ್ನು ಮೆತ್ತಗಾಗಿಸಿದನು. ಆದರೂ ಹಂಟನ ಪರಿಚಿತರಿಗೆ ಗುರುತು ತಪ್ಪಲಿಲ್ಲ. ಚಿತ್ರವು ತದ್ವತ್ತಾಗಿದೆಯೆಂದು 1853ರಲ್ಲಿ ಒಂದು ಖಾಸಗಿ ಪತ್ರದಲ್ಲಿ ಹೆಮ್ಮೆಪಟ್ಟುಕೊಂಡ ಡಿಕನ್ಸನೇ, 1859ರ ಆಗಸ್ಟಿನಲ್ಲಿ ಹಂಟನು ಮೃತನಾದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ತನ್ನ ವಾರಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು, ತಾನು ಮಿತ್ರನಿಂದ ತೆಗೆದುಕೊಂಡದ್ದು ಮಾತಿನ ರೀತಿಯನ್ನಷ್ಟೇ, ಗುಣದೋಷಗಳನ್ನಲ್ಲ ಎಂದು ಸಮಜಾಯಿಷಿ ಹೇಳಿದನು. ಸಾಲ ಕೊಟ್ಟವನು ಸತ್ತ ಮೇಲೆ ಅವನ ಬಾಗಿಲಲ್ಲಿ ಹಣವಿಟ್ಟು ಬಂದಂತೆ ಅದು. ಕೈನೀಡಿ ತೆಗೆದುಕೊಳ್ಳುವವರು ಯಾರು?

ಹಂಟನ ಸಂಗತಿಗೆ ಮೊದಲೇ ಡಿಕನ್ಸನಿಗೆ ಈ ಪಾಠವನ್ನು ಕಲಿಸಲು ಯತ್ನಿಸಿದವಳೊಬ್ಬಳಿದ್ದಳು ಎಂಬುದೇ ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವುದು. ಆ ಕಾಲದ ಕಾದಂಬರಿಯು ಇಂದಿನಂತೆ ಒಮ್ಮೆಗೇ ರಟ್ಟು ಕಟ್ಟಿಸಿಕೊಂಡು ಅಂಗಡಿಗೆ ಬರುತ್ತಿರಲಿಲ್ಲ. ಹಸಿರು ಹೊದಿಕೆಯ 32 ಪುಟಗಳ ಸಂಚಿಕೆ, ಅದರಲ್ಲಿ ಎರಡು ಚಿತ್ರಗಳು, ಬೆಲೆ ಒಂದು ಷಿಲಿಂಗು. ಹೀಗೆ ತಿಂಗಳಿಗೊಂದರಂತೆ ಕಥೆಯು ಮನೆಮನೆಗೆ ಬರುತ್ತಿತ್ತು. ಮುಂದಿನ ಸಂಚಿಕೆಯು ಇನ್ನೂ ಲೇಖಕನ ಮನಸ್ಸಿನಲ್ಲಿರುವಾಗಲೇ ಹಿಂದಿನದು ಓದುಗನ ಕೈಯಲ್ಲಿರುತ್ತಿತ್ತು. ‘ಡೇವಿಡ್ ಕಾಪರ್‌ಫೀಲ್ಡ್’ನ 1849ರ ಡಿಸೆಂಬರಿನ ಸಂಚಿಕೆಯಲ್ಲಿ ಮಿಸ್ ಮೌಚರ್ ಎಂಬ ಕುಬ್ಜ ಸ್ತ್ರೀಯೊಬ್ಬಳು ಕಾಣಿಸಿಕೊಂಡಳು, ಸಿರಿವಂತರ ಕೇಶಾಲಂಕಾರ ಮಾಡುತ್ತ, ಮನೆಯಿಂದ ಮನೆಗೆ ಚಾಡಿಮಾತು ಹೊರುವವಳು, ಕೆಟ್ಟ ಸಂಚಿಗೆ ಒದಗಬಹುದಾದವಳೆಂಬ ಶಂಕೆಯನ್ನು ಹುಟ್ಟಿಸುವವಳು.

ಲಂಡನ್ನಿನಲ್ಲಿ ಡಿಕನ್ಸನ ನೆರೆಯಲ್ಲಿ ಶ್ರೀಮತಿ ಸೀಮೋರ್ ಹಿಲ್ ಎಂಬಾಕೆಯಿದ್ದಳು; ಕಾಲಿನ ಆಣಿಗಳಿಗೆ ಚಿಕಿತ್ಸೆ ಮಾಡಿ, ಕೈಯುಗುರುಗಳನ್ನು ಓರಣಗೊಳಿಸಿ ಜೀವನ ಸಾಗಿಸುತ್ತಿದ್ದಳು. ಆಕೆಯೂ ಕುಬ್ಜಳು. ಮನೆಮನೆಗೆ ಹೋಗಿ ದುಡಿಯುವವಳ ಬಂಡವಾಳವೆಂದರೆ ಒಳ್ಳೆಯ ಹೆಸರೊಂದೇ ಅಲ್ಲವೆ? ಡಿಸೆಂಬರ್ 18ರಂದು ಆಕೆ ಲೇಖನಿಯನ್ನು ಕೈಗೆತ್ತಿಕೊಂಡು, ದೇಹದ ಕೊರತೆಯಿಂದ ತಾನು ಬಹುಕಾಲ ನೊಂದಿರುವೆನಾದರೂ ಇಷ್ಟು ಪ್ರತಿಭಾವಂತನ ಕೈಯಿಂದ ನೋವುಂಡದ್ದು ಇದೇ ಮೊದಲು ಎಂದು ಡಿಕನ್ಸನಿಗೆ ಬರೆದಳು. ಡಿಕನ್ಸನು ಕೂಡಲೇ ಉತ್ತರಿಸಿದನು. ತನ್ನ ಪಾತ್ರಗಳು ಅನೇಕರಿಂದ ಕೂಡಿಬಂದವುಗಳೆಂದು ಹೇಳಿದರೂ, ಅಂಶತಃ ಆಕೆಯು ತನ್ನ ಕಣ್ಣಮುಂದೆ ಇದ್ದುದನ್ನು ಅಲ್ಲಗಳೆಯಲಿಲ್ಲ, ಕ್ಷಮೆ ಬೇಡಿದನು, ಮೊದಲು ಎಣಿಸಿದ್ದ ಕಥಾಯೋಜನೆಯನ್ನೇ ಬಿಟ್ಟು ಆ ಪಾತ್ರವನ್ನು ಓದುಗರು ಮೆಚ್ಚುವಂತೆ ತಿದ್ದುವೆನೆಂದು ಮಾತುಕೊಟ್ಟನು.

ಮಾತನ್ನು ಅವನು ನಡೆಸಿಕೊಟ್ಟನು. 1850ರ ಮಾರ್ಚಿನ ಸಂಚಿಕೆಯಲ್ಲಿ ಮಿಸ್ ಮೌಚರ್ ಮಳೆಯ ರಾತ್ರಿಯಲ್ಲಿ, ತನಗಿಂತ ದೊಡ್ಡದಾದ ಕೊಡೆಯೊಡನೆ ಸೆಣಸುತ್ತ ಡೇವಿಡನು ತಂಗಿದ್ದ ಮನೆಯ ಬಾಗಿಲಿಗೆ ಬಂದು, ತಾನು ಮೋಸಹೋದುದನ್ನು ನೆನೆದು ಕಣ್ಣೀರಿಡುತ್ತಾಳೆ. ಶರೀರದ ಊನವನ್ನು ಮನಸ್ಸಿನ ಊನವೆಂದು ಎಣಿಸಬೇಡವೆಂದು ಅವನಿಗೆ ಬುದ್ಧಿ ಹೇಳುತ್ತಾಳೆ. ವಿಮರ್ಶಕರಲ್ಲಿ ಕೆಲವರು ಇದನ್ನು ಕಥೆಯ ಹೊಲಿಗೆಯಲ್ಲಿನ ತೇಪೆಯೆನ್ನುವುದುಂಟು. ಇರಲಿ. ಆ ಬುದ್ಧಿಮಾತು ಡೇವಿಡನಿಗಿಂತ ಮೊದಲು ಡಿಕನ್ಸನಿಗೆ ಸಂದದ್ದು, ಅದನ್ನು ಅವನು ಮುಚ್ಚಿಡದೆ ತನ್ನ ಪುಸ್ತಕದಲ್ಲಿಯೇ ಅಚ್ಚುಹಾಕಿಸಿದನು ಎಂಬುದನ್ನು ಬಲ್ಲವನಿಗೆ ಆ ತೇಪೆಯು ಇಡೀ ವಸ್ತ್ರಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು.

ಕಾದಂಬರಿಯ ಕೊನೆಗೆ, ಮಾರುವೇಷದಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದ ದುಷ್ಟ ಸೇವಕನೊಬ್ಬನನ್ನು ಮಿಸ್ ಮೌಚರ್ ಗುರುತಿಸಿ, ಅವನು ಹೊಡೆದರೂ ಬಡಿದರೂ ಬಿಡದೆ, ಅಧಿಕಾರಿಗಳು ಬರುವವರೆಗೆ ಬಿಗಿಯಾಗಿ ಹಿಡಿದುಕೊಂಡಳೆಂಬ ವೃತ್ತಾಂತವು ಬರುತ್ತದೆ. ಅದನ್ನು ಓದುವಾಗಲೆಲ್ಲ ನನಗೆ ಕಾಣುವುದು ಆ ಪಾತ್ರದ ಹಿಂದೆ ನಿಂತಿರುವ ಇನ್ನೊಬ್ಬಳು. ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ಲೇಖಕನನ್ನು ಒಂದೇ ಒಂದು ಕಾಗದದಿಂದ ಹಿಡಿದು ನಿಲ್ಲಿಸಿ, ತನ್ನ ಋಣವನ್ನು ತಾನು ಬದುಕಿರುವಾಗಲೇ ಸಲ್ಲಿಸಿಕೊಂಡವಳು.