ಶಬ್ದದ ದಿಕ್ಕನ್ನು ಗುರುತಿಸುವ ಮಿದುಳು ಮಾದರಿಯ ಯಂತ್ರಾಂಶ: ಸಾರ್ವಜನಿಕರಿಗೆ ಮಾಹಿತಿ

ಶ್ರವಣ ಸಾಧನ ಹಾಗೂ ಅಂಗವೈಕಲ್ಯ ಪ್ರಮಾಣಪತ್ರ ಕೋರಿ ಅರ್ಜಿ ಸಲ್ಲಿಸುವ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಶಬ್ದ ಕೇಳುವುದು ಬೇರೆ, ಅದು ಬಂದ ದಿಕ್ಕನ್ನು ಅರಿಯುವುದು ಬೇರೆ. ರಾಷ್ಟ್ರೀಯ ಹೆದ್ದಾರಿ 66 ಈ ಮೂರೂ ತಾಲ್ಲೂಕುಗಳ ಮೂಲಕ ಹಾದುಹೋಗುತ್ತದೆ. ರಸ್ತೆ ದಾಟುವವರಿಗೆ ಲಾರಿಯ ಹಾರ್ನ್ ಕೇಳಿಸಿಯೂ ಅದು ಎಡದಿಂದಲೋ ಬಲದಿಂದಲೋ ತಿಳಿಯದಿರುವುದು ಪ್ರಾಣಾಪಾಯದ ಸಂಗತಿಯಾಗಿದೆ.

ದಿಕ್ಕು ತಿಳಿಯುವ ಬಗೆ

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಒಂದು ಪಕ್ಕದಿಂದ ಬಂದ ಶಬ್ದವು ಆ ಬದಿಯ ಕಿವಿಗೆ ಮೊದಲು ತಲುಪುತ್ತದೆ. ತಲೆಯನ್ನು ಬಳಸಿ ಇನ್ನೊಂದು ಕಿವಿಯನ್ನು ಸೇರಲು ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಆರೇಳು ಭಾಗದಷ್ಟು ತಡವಾಗುತ್ತದೆ. ಕೀರಲು ಧ್ವನಿಗಳಾದರೆ ತಲೆಯ ಮರೆಯಿಂದಾಗಿ ದೂರದ ಕಿವಿಗೆ ಕ್ಷೀಣವಾಗಿಯೂ ಕೇಳುತ್ತವೆ. ಮಿದುಳು ಈ ಎರಡು ವ್ಯತ್ಯಾಸಗಳನ್ನು ಅಳೆದು ದಿಕ್ಕನ್ನು ನಿರ್ಧರಿಸುತ್ತದೆ.

ಇದು ಹೇಗೆ ಸಾಧ್ಯವೆಂಬುದಕ್ಕೆ ಲಾಯ್ಡ್ ಜೆಫ್ರೆಸ್ ಅವರು 1948ರಲ್ಲಿ ಒಂದು ವಿವರಣೆ ನೀಡಿದರು. ಎರಡು ಕಿವಿಗಳಿಂದ ಬರುವ ನರತಂತುಗಳು ಬೇರೆ ಬೇರೆ ಉದ್ದದವು. ಎರಡೂ ಕಡೆಯ ಸಂಕೇತಗಳು ಏಕಕಾಲಕ್ಕೆ ತಲುಪಿದ ಜೀವಕೋಶ ಮಾತ್ರ ಪ್ರಬಲವಾಗಿ ಮಿಡಿಯುತ್ತದೆ. ಯಾವ ಕೋಶ ಮಿಡಿಯಿತೆಂಬುದೇ ದಿಕ್ಕಿನ ಸೂಚನೆ. ಕಣಜ ಗೂಬೆಯ ಮಿದುಳಿನಲ್ಲಿ ಇಂತಹ ರಚನೆ ಇರುವುದನ್ನು ಮಸಕಾಝು ಕೊನಿಶಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಸಸ್ತನಿಗಳಲ್ಲಿ ವ್ಯವಸ್ಥೆ ಹೀಗೆಯೇ ಇದೆಯೆಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ಯಂತ್ರಾಂಶ

ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ರಿಚರ್ಡ್ ಲಯನ್ ಮತ್ತು ಕಾರ್ವರ್ ಮೀಡ್ ಅವರು ಒಳಕಿವಿಯ ಶಂಖವನ್ನು ಹೋಲುವ ಸಿಲಿಕಾನ್ ಮಂಡಲವನ್ನು 1988ರಲ್ಲಿ ಪ್ರಕಟಿಸಿದರು. ಮರುವರ್ಷ ಜಾನ್ ಲಝಾರೋ ಮತ್ತು ಮೀಡ್ ಅವರು ಗೂಬೆಯ ಮಾದರಿಯಲ್ಲಿ ದಿಕ್ಕು ಗುರುತಿಸುವ ಚಿಪ್ಪನ್ನು ರೂಪಿಸಿದರು. ಸಾಮಾನ್ಯ ಗಣಕಯಂತ್ರವು ಎರಡು ಮೈಕ್ರೊಫೋನುಗಳ ಸಂಕೇತಗಳನ್ನು ನಿಶ್ಶಬ್ದವಿದ್ದಾಗಲೂ ನಿರಂತರವಾಗಿ ಲೆಕ್ಕಹಾಕುತ್ತಿರುತ್ತದೆ. ಮಿದುಳು ಮಾದರಿಯ ಮಂಡಲವಾದರೋ ಶಬ್ದ ಬಂದಾಗ ಮಾತ್ರ ಮಿಡಿತಗಳನ್ನು ಕಳುಹಿಸುವುದರಿಂದ ವಿದ್ಯುತ್ ಉಳಿಯುತ್ತದೆ. ಬ್ಯಾಟರಿಯಿಂದ ಚಲಿಸುವ ರೋಬಾಟಿಗೆ ಇದೇ ಮುಖ್ಯ ಪ್ರಯೋಜನ. ಆದರೆ ಗೋಡೆಗಳಿಂದ ಪ್ರತಿಧ್ವನಿ ಏಳುವ ಕೊಠಡಿಯಲ್ಲಿ ದಿಕ್ಕು ಹಿಡಿಯುವುದು ಇಂದಿಗೂ ಕಠಿಣವೇ.

ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಚೇತನ್ ಸಿಂಗ್ ಠಾಕೂರ್ ಅವರ ಪ್ರಯೋಗಾಲಯವು ಈ ಕ್ಷೇತ್ರದಲ್ಲಿ ಕಾರ್ಯನಿರತವಾಗಿದೆ. ಒಳಕಿವಿಯ ಮಾದರಿಯನ್ನು ಎಲೆಕ್ಟ್ರಾನಿಕ್ ಮಂಡಲದಲ್ಲಿ ಅಳವಡಿಸುವ ಸಂಶೋಧನೆಯಲ್ಲಿ ಅವರು ಪಾಲ್ಗೊಂಡಿದ್ದಾರೆ. 2022ರಲ್ಲಿ ಪ್ರಕಟವಾದ 'ಆರ್ಯಭಟ-1' ಅನಲಾಗ್ ಚಿಪ್ ಸಹ ಈ ಪ್ರಯೋಗಾಲಯದ್ದೇ; ಅದು ಕೃತಕ ಬುದ್ಧಿಮತ್ತೆಯ ಕಾರ್ಯಗಳಿಗಾಗಿ ರೂಪುಗೊಂಡದ್ದು, ದಿಕ್ಕು ಗುರುತಿಸುವುದಕ್ಕೆಂದೇ ಅಲ್ಲ.

ಅರ್ಜಿದಾರರ ಗಮನಕ್ಕೆ

ದಿಕ್ಕಿನ ಅರಿವಿಗೆ ಎರಡೂ ಕಿವಿಗಳು ಬೇಕು. ಒಂದು ಕಿವಿ ಪೂರ್ಣ ಕಿವುಡಾದವರು ಮಾತನ್ನು ಕೇಳಬಲ್ಲರಾದರೂ ದಿಕ್ಕನ್ನು ತಪ್ಪಾಗಿ ಗ್ರಹಿಸುವ ಸಂಭವ ಹೆಚ್ಚು. ಆದರೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡುತನ, 60ರಿಂದ 70 ಡೆಸಿಬೆಲ್ ಇದ್ದರೆ ಮಂದ ಶ್ರವಣವೆಂದು ಪರಿಗಣಿಸಲಾಗುತ್ತದೆ. ಒಂದೇ ಕಿವಿಯ ದೋಷವು ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಅಂತಹವರ ತೊಂದರೆ ನಿಜವಾದದ್ದೇ ಆದರೂ ಪ್ರಮಾಣಪತ್ರದ ಅಳತೆಗೆ ಅದು ಸಿಗುವುದಿಲ್ಲವೆಂಬುದನ್ನು ಅರ್ಜಿ ಸಲ್ಲಿಸುವ ಮೊದಲೇ ತಿಳಿದಿರುವುದು ಒಳಿತು.

ಎರಡೂ ಕಿವಿಗಳಲ್ಲಿ ದೋಷವಿರುವವರು ಒಂದೇ ಕಿವಿಗೆ ಸಾಧನ ಪಡೆದು ತೃಪ್ತರಾಗದೆ, ಎರಡೂ ಕಿವಿಗಳಿಗೆ ಅಗತ್ಯವಿದೆಯೇ ಎಂದು ಶ್ರವಣ ತಜ್ಞರನ್ನು ವಿಚಾರಿಸತಕ್ಕದ್ದು. ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ನೆರವು ಬೇಕಾದಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸುವುದು. ಉನ್ನತ ತಪಾಸಣೆಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸೌಲಭ್ಯವಿದೆ.