‘ಎನಿ ಒನ್’ ಎಂಬ ಪದವೂ ವಚನವಿಚಾರವೂ

ಆಂಗ್ಲಭಾಷೆಯ ಪ್ರಶ್ನವಾಕ್ಯದಲ್ಲಿ ಕ್ರಿಯಾಪದವು ಕರ್ತೃಪದಕ್ಕಿಂತ ಮೊದಲು ಬರುವುದುಂಟು. ಬಾಗಿಲ ಹೊರಗೆ ನಿಂತವರು ಒಬ್ಬರೋ ಹಲವರೋ, ಸ್ತ್ರೀಯೋ ಪುರುಷನೋ ತಿಳಿಯದಿದ್ದರೂ ‘ಈಸ್ ಎನಿ ಒನ್ ದೇರ್?’ ಎಂದು ಏಕವಚನದಿಂದಲೇ ಕೇಳಬೇಕು. ಇದಕ್ಕೆ ಕಾರಣವು ಪದದ ಹುಟ್ಟಿನಲ್ಲಿಯೇ ಇದೆ. ‘ಎನಿ’ ಎಂಬುದು ಪ್ರಾಚೀನಾಂಗ್ಲದಲ್ಲಿ ಒಂದು ಎಂಬರ್ಥದ ಸಂಖ್ಯಾಪದದಿಂದ ಹುಟ್ಟಿದುದು. ಅದಕ್ಕೆ ‘ಒನ್’ ಮತ್ತೊಮ್ಮೆ ಸೇರಿತು.

ಕ್ರಿಯಾಪದದ ವಚನವು ಹೀಗೆ ನಿಶ್ಚಿತವಾದರೂ, ಮುಂದೆ ಬರುವ ಸರ್ವನಾಮದಲ್ಲಿ ತೊಡಕು ತಲೆದೋರುತ್ತದೆ. ‘ಎವ್ರಿ ಒನ್ ಈಸ್ ಹಿಯರ್’ ಎಂದವರೇ ‘ಆರೆಂಟ್ ದೇ?’ ಎಂದು ಬಹುವಚನದಿಂದ ಪ್ರಶ್ನಿಸಿ ಮುಗಿಸುತ್ತಾರೆ. ಇದು ಪಾಮರರ ಅಪಭ್ರಂಶವಲ್ಲ. ಇಂತಹ ‘ದೇ’ ಪ್ರಯೋಗವು 14ನೆಯ ಶತಮಾನದ ಬರಹಗಳಲ್ಲಿಯೇ ದೊರೆಯುತ್ತದೆ.

ಇದನ್ನು ತಿದ್ದಹೊರಟವರಲ್ಲಿ ಲಿಂಡ್ಲಿ ಮರೆ ಪ್ರಮುಖನು. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನ ಯಾರ್ಕ್ ನಗರದ ಬಳಿ ನೆಲಸಿದ ಈತನು 1795ರಲ್ಲಿ ತನ್ನ ವ್ಯಾಕರಣವನ್ನು ಪ್ರಕಟಿಸಿದನು. ‘ಎನಿ ಒನ್’ ಕರ್ತೃವಾಗಿರುವ ಪ್ರಶ್ನೆಯೊಂದನ್ನು ಅದರಲ್ಲಿ ಉದಾಹರಿಸಿ, ಮುಂದಿದ್ದ ಬಹುವಚನ ಸರ್ವನಾಮಗಳನ್ನು ತೆಗೆದು, ಪುಲ್ಲಿಂಗದ ‘ಹಿ’, ‘ಹಿಸ್’ ಎಂಬುವನ್ನು ಇರಿಸಿದನು. ವಚನದೋಷವೇನೋ ಕಳೆಯಿತು, ಆದರೆ ಲಿಂಗದೋಷವು ಬಂದು ಸೇರಿತು. ಆ ಗ್ರಂಥವು ರಚಿತವಾದುದು ಯಾರ್ಕಿನ ಬಾಲಿಕಾಪಾಠಶಾಲೆಯೊಂದರ ಕೋರಿಕೆಯಿಂದ ಎಂಬುದು ವಿಚಾರಾರ್ಹವಾಗಿದೆ.

ಈ ವಾದವು ಪಾಠಶಾಲೆಯ ಗೋಡೆಗಳೊಳಗೇ ನಿಲ್ಲಲಿಲ್ಲ. ಶಾಸನಗಳಲ್ಲಿ ಪುಲ್ಲಿಂಗಪದವು ಸ್ತ್ರೀಯರನ್ನೂ, ಏಕವಚನವು ಬಹುವಚನವನ್ನೂ ಒಳಗೊಳ್ಳತಕ್ಕದ್ದೆಂದು 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಿಧಿಸಿತು. 1867ರ ಮತದಾನಶಾಸನವು ‘ಎವ್ರಿ ಮ್ಯಾನ್’ ಎಂದಿತು. ಮ್ಯಾಂಚೆಸ್ಟರಿನ 5,000ಕ್ಕೂ ಮೀರಿದ ಸ್ತ್ರೀಯರು ಆ ಪದದಲ್ಲಿ ತಾವೂ ಸೇರಿದವರೆಂದು ಹಕ್ಕು ಕೇಳಿದರು. 1868ರಲ್ಲಿ ನ್ಯಾಯಾಲಯವು ಅವರು ಸೇರಿಲ್ಲವೆಂದು ತೀರ್ಪಿತ್ತಿತು. ವ್ಯಾಕರಣದಲ್ಲಿ ಸರ್ವರಿಗೂ ಸಲ್ಲುವುದೆನಿಸಿದ ಪುಲ್ಲಿಂಗವು ಮತಪೆಟ್ಟಿಗೆಯೆದುರು ಪುರುಷರಿಗೆ ಮಾತ್ರ ಸಂದಿತು.

ಇತ್ತ ಜನರ ನಾಲಗೆಯು ಮರೆಯ ಸೂತ್ರಕ್ಕೆ ಮಣಿಯಲಿಲ್ಲ. ‘ದೇ’ ಅಳಿಯದೆ ಉಳಿಯಿತು. 2002ರಲ್ಲಿ ಪ್ರಕಟವಾದ ಕೇಂಬ್ರಿಜಿನ ಬೃಹದ್ವ್ಯಾಕರಣವು ಅದನ್ನು ಸಾಧುವೆಂದೇ ಅಂಗೀಕರಿಸಿತು.

ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ತೋರಲಾರದು. ‘ಯಾರಾದರೂ ಬಂದಿದ್ದಾರೆಯೆ?’ ಎಂದು ಕೇಳುವಾಗ ಬಂದವರು ಒಬ್ಬರೇ ಇರಬಹುದು, ಸ್ತ್ರೀಯಾಗಿರಬಹುದು, ಪುರುಷನಾಗಿರಬಹುದು. ನಮ್ಮ ಬಹುವಚನದ ಕ್ರಿಯಾಪದವು ಎಲ್ಲರಿಗೂ ಸಮನಾಗಿ ಬಾಗಿಲನ್ನು ತೆರೆಯುತ್ತದೆ. ಶಬ್ದಗಳ ಸಂಖ್ಯೆಯನ್ನು ಎಣಿಸುವ ಶಾಸ್ತ್ರವು ಆ ಶಬ್ದಗಳ ಹೊರಗುಳಿದ ಜನರನ್ನೂ ಎಣಿಸಬೇಕೆಂಬುದೇ ಈ ಚರಿತ್ರೆಯ ಸಾರವು.