ಲಗೋರಿ ಆಡಿದ ಯಂತ್ರಗಳು

ಮಳೆಗೆ ಬರವಿದ್ದರೂ ಕಲ್ಲಿಗೆ ಬರವಿಲ್ಲದ ಸೀಮೆ ನಮ್ಮದು. ನಾನು ಬೆಳೆದ ಚಳ್ಳಕೆರೆಯ ಬೀದಿಯಲ್ಲಿ ಲಗೋರಿಗೆ ಏಳು ಚಪ್ಪಟೆ ಕಲ್ಲುಗಳನ್ನು ಆಯುವುದು ಕ್ಷಣದ ಕೆಲಸ, ಚೆಂಡೇ ದುರ್ಲಭ. ಬೇಸಗೆಯ ರಜೆಯಲ್ಲಿ ಮೊಳಕಾಲ್ಮೂರಿನ ಸೋದರಮಾವನ ಮನೆಗೆ ಹೋದರೆ ಆ ಕೊರತೆಯೂ ಇರುತ್ತಿರಲಿಲ್ಲ. ಮಗ್ಗದ ಮನೆಗಳ ಹುಡುಗರು ಹರಕು ಬಟ್ಟೆಯ ಉಂಡೆಗೆ ಉಳಿಕೆ ನೂಲು ಸುತ್ತಿ ಸೊಗಸಾದ ಚೆಂಡು ಮಾಡುತ್ತಿದ್ದರು. ಆಟದ ನಿಯಮವನ್ನು ಯಾರಾದರೂ ಯಾರಿಗಾದರೂ ಹೇಳಿಕೊಟ್ಟದ್ದು ನನಗೆ ನೆನಪಿಲ್ಲ. ಕಲ್ಲುಗಳು ಉರುಳುವುದನ್ನೂ, ಕೆಡವಿದವರು ಏಟು ತಪ್ಪಿಸಿಕೊಂಡು ಅವನ್ನು ಮರಳಿ ಪೇರಿಸುವುದನ್ನೂ ಒಮ್ಮೆ ಕಂಡರೆ ಸಾಕಾಗುತ್ತಿತ್ತು.

ಈ ಲಗೋರಿಯನ್ನೇ 2022ರಲ್ಲಿ ಹೊಸದಿಲ್ಲಿಯಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳು ಕಟ್ಟಿದ ರೋಬೋಟುಗಳು ಆಡಿದವು.

ಯಂತ್ರ ಕಟ್ಟುವ ಪಾಠವನ್ನು ಪಂದ್ಯವಾಗಿಸಿದ ಕೀರ್ತಿಯಲ್ಲಿ ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಅವರಿಗೆ ದೊಡ್ಡ ಪಾಲು ಸಲ್ಲಬೇಕು. 1970ರ ದಶಕದಲ್ಲಿ ಅವರ ತರಗತಿಯ ವಿದ್ಯಾರ್ಥಿಗಳೆಲ್ಲರಿಗೂ ಒಂದೇ ಬಗೆಯ ಬಿಡಿ ಸಾಮಾನಿನ ಚೀಲ ದೊರೆಯುತ್ತಿತ್ತು. ಅದರಿಂದಲೇ ಯಂತ್ರ ಮಾಡಿ ಸ್ಪರ್ಧೆಗಿಳಿಯಬೇಕು. ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ 'ಫಸ್ಟ್' ಸಂಸ್ಥೆ 1992ರಲ್ಲಿ ಇಂಥದನ್ನು ಶಾಲಾಮಕ್ಕಳಿಗೆ ತಂದಿತು. ನಮ್ಮ ಖಂಡದಲ್ಲಿ 2002ರಿಂದ ರೋಬೋಕಾನ್ ನಡೆಸುತ್ತಿರುವುದು ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟ. ಅಂದರೆ ರೇಡಿಯೋ, ದೂರದರ್ಶನದವರ ಕೂಟ. ಇದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಮನೆಯಲ್ಲಿ ಕುಳಿತವನಿಗೆ ತಿಳಿಯದ ಆಟ ಅವರಿಗೆ ಬೇಡ. ಆತಿಥ್ಯ ವಹಿಸಿದ ದೇಶವೇ ತನ್ನ ಸಂಸ್ಕೃತಿಯಿಂದ ಆಟವನ್ನು ಆರಿಸಿಕೊಡುತ್ತದೆ. 2008ರಲ್ಲಿ ಪುಣೆಯಲ್ಲಿ ಗೋಕುಲಾಷ್ಟಮಿಯ ಮೊಸರು ಕುಡಿಕೆ; 2014ರಲ್ಲಿ ಅಲ್ಲಿಯೇ ದೊಡ್ಡ ಯಂತ್ರ ಚಿಕ್ಕ ಯಂತ್ರವನ್ನು ಉಯ್ಯಾಲೆಯಾಡಿಸಿತು.

ಲಗೋರಿಯಲ್ಲಿ ಮಾತ್ರ ಒಂದು ತೊಡಕು. ಹುಡುಗನ ಬೆನ್ನಿಗೆ ಚೆಂಡು ಬಿದ್ದರೆ ಸದ್ದೇ ಸಾಕ್ಷಿ. ಚಕ್ರದ ಮೇಲಿನ ಪೆಟ್ಟಿಗೆಗೆ ಬಿದ್ದದ್ದು ದೂರದವರಿಗೆ ತಿಳಿಯುವುದು ಹೇಗೆ? ಆಟ ರಚಿಸಿದವರು ಪೇರಿಸುವ ಯಂತ್ರದ ತಲೆಯ ಮೇಲೊಂದು ಚೆಂಡು ಕೂರಿಸಿದರು. ಎದುರಾಳಿ ಅದಕ್ಕೆ ಗುರಿಯಿಡುತ್ತಾನೆ. ಅದು ಬಿತ್ತೋ, ಏಟು ಬಿದ್ದಂತೆ. ತೀರ್ಪುಗಾರನ ಬಾಯಿ ನೋಡಬೇಕಾಗಿಲ್ಲ. ಏಳು ಕಲ್ಲುಗಳು ಐದು ಬಿಲ್ಲೆಗಳಾದದ್ದಕ್ಕೆ ಮೊದಲು ನನಗೆ ಸಿಟ್ಟು ಬಂದಿತ್ತು. ಈಗಿಲ್ಲ. ಕಾರಣ ಹೇಳುತ್ತೇನೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಬಂದ ಮೇಲೆ, ಅಲ್ಲಿ ಅಧ್ಯಾಪಕರಿಗೆ ತರಬೇತಿ ನಡೆಯತೊಡಗಿದ ಮೇಲೆ, ನಮ್ಮ ಕಡೆಯ ಮೇಷ್ಟರುಗಳಿಗೂ ಪ್ರಯೋಗದ ಹುರುಪು ಬಂದಿದೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯವರು ರೋಬೋಟ್ ಪಂದ್ಯ ಏರ್ಪಡಿಸಿ, ನಿಯಮಾವಳಿಯನ್ನು ಕನ್ನಡದಲ್ಲಿ ಬರೆಯಲು ನನ್ನನ್ನು ಕೇಳಿದರು. ಬರೆದೆ, ಹನ್ನೊಂದು ಪುಟ. 'ಪೂರ್ವೋಕ್ತ', 'ತದ್ವ್ಯತಿರಿಕ್ತ' ಎಲ್ಲ ಇದ್ದವು. ಮೊಳಕಾಲ್ಮೂರಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬೆಳಕಿಗೆ ತರಲು 1892ರಲ್ಲಿ ರೈಸ್ ಸಾಹೇಬರು ಬರಬೇಕಾಯಿತು. ನನ್ನ ಶಾಸನಕ್ಕೂ ಒಬ್ಬ ರೈಸ್ ಬೇಕಾಗಿತ್ತು.

ಪಂದ್ಯ ಮುಗಿಯಿತು. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಅಜ್ಜಿಯೊಬ್ಬರು ನನ್ನ ಬಳಿ ಬಂದು, "ಮೇಷ್ಟ್ರೇ, ನಮ್ ಮೊಮ್ಮಗಳು ಗೆದ್ಲಾ, ಸೋತ್ಲಾ?" ಎಂದರು. ನಾಲ್ಕು ತಿಂಗಳು ಸಂಜೆಯೆಲ್ಲ ಶಾಲೆಯಲ್ಲಿದ್ದು ಆ ಹುಡುಗಿ ಯಂತ್ರ ಕಟ್ಟಿದ್ದಳು. ನಿಯಮ ಬರೆದ ನಾನು ಕನ್ನಡಕ ಹಾಕಿಕೊಂಡು ಕಾಗದ ತಿರುವಿದೆ. ಗೆದ್ದಿದ್ದಳು. ನಾನು ಅದನ್ನು ಹೇಳುವ ಹೊತ್ತಿಗೆ ಚಪ್ಪಾಳೆ ತಟ್ಟಬೇಕಾದ ಜನ ಬಸ್ಸಿಗೆ ಹೊರಟಿದ್ದರು.

ಈ ಸಲ ಲಗೋರಿಯನ್ನೇ ಇಟ್ಟುಕೊಂಡಿದ್ದೇವೆ: ಮೂರು ಮರದ ತುಂಡು, ತಲೆಯ ಮೇಲೆ ಚೆಂಡು, ಆರು ವಾಕ್ಯದ ನಿಯಮ. ಮೊನ್ನೆ ಅದನ್ನು ಬಿಸಿಯೂಟ ಬೇಯಿಸುವ ಹೆಣ್ಣುಮಗಳಿಗೆ ಓದಿ ಹೇಳಿದೆ. ಐದನೆಯ ವಾಕ್ಯದಲ್ಲಿ ಆಕೆ ತಡೆದು, "ಯಾರೂ ಹೊಡೀದೇ ಚೆಂಡು ತಾನೇ ಉರುಳಿ ಬಿದ್ರೆ?" ಎಂದು ಕೇಳಿದಳು. ಆ ವಾಕ್ಯವನ್ನು ಇನ್ನೂ ತಿದ್ದುತ್ತಿದ್ದೇನೆ.